ಅದೇ ವಿಳಾಸವೇ ಬೇಕೆಂಬ ಹಟ

ನನಗೊಂದು ಕೆಟ್ಟ ಚಾಳಿಯಿದೆ. ಒಮ್ಮೆ ಕೂತ ಜಾಗದಲ್ಲೇ ಮತ್ತೆ ಕೂರಬೇಕು. ಈ ಊರಿನ ಬಾಡಿಗೆ ವ್ಯಾನು ಮಟಾಟು ಹತ್ತಿದರೆ ಡ್ರೈವರ್ ಹಿಂದಿನ ಕಿಟಕಿಯೇ ಆಗಬೇಕು. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನಾದ್ದರಿಂದ ಈ ರೋಗ ನನ್ನ ಪ್ರೋಗ್ರಾಮಿಗೂ ಅಂಟಿತು.

ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಕೇಳುವುದಕ್ಕೂ ಒಂದು ಮರ್ಯಾದೆಯಿದೆ. 'ಈ ವಿಳಾಸದಲ್ಲಿ ಸಿಕ್ಕರೆ ಒಳ್ಳೆಯದು' ಎಂದರೆ ಅದು ನೋಡುತ್ತದೆ, ಅಲ್ಲಿ ಯಾರಾದರೂ ಇದ್ದರೆ ಬೇರೆ ಕಡೆ ಕೊಡುತ್ತದೆ. 'ಅಲ್ಲೇ ಬೇಕು' ಎಂದು ಹಟ ಹಿಡಿದರೆ ಇದ್ದವರನ್ನು ಅಳಿಸಿ ನಮ್ಮನ್ನು ಕೂರಿಸುತ್ತದೆ. ಒಂದು ಗೊಣಗಾಟವೂ ಇಲ್ಲ. ನಾನು ಯಾವುದನ್ನು ಆರಿಸಿದೆನೆಂದು ಬೇರೆ ಹೇಳಬೇಕೆ?

ಇಂಡಸ್ಟ್ರಿಯಲ್ ಏರಿಯಾದ ಚಹಾ ಕಾರ್ಖಾನೆಯೊಂದರ ತೂಕದ ಯಂತ್ರಕ್ಕೆ ಬರೆದ ಪ್ರೋಗ್ರಾಂ ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಆ ವಿಳಾಸ ಖಾಲಿಯಿತ್ತು, ಜಮ್ಮೆಂದು ಓಡಿತು. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಓಡಿ ಮಕಾಡೆ ಮಲಗಿತು. ತಪ್ಪು ಹುಡುಕಲು ಕೆಲಸವನ್ನು ಲಂಗಾಟಾದ ಮನೆಗೇ ತಂದು, ಮಗಳು ಅನಘಾಳ ಕಿಟಕಿ ಪಕ್ಕದ ಮೇಜಿನ ಮೇಲೆ ಹರಡಿದೆ. ನಾನು ನೋಡಿದಾಗ ಮೇಜಿನ ಮುಂದಿನ ಕುರ್ಚಿ ಖಾಲಿಯಿತ್ತು. ಅವಳು ಸ್ಕೂಲಿನಲ್ಲಿದ್ದಳು. ಅವಳ ಬಣ್ಣ, ಕುಂಚಗಳನ್ನೆಲ್ಲ ಒಂದು ರಟ್ಟಿನ ಡಬ್ಬಕ್ಕೆ ತುಂಬಿದೆ. ಸಂಜೆ ಬಂದವಳು "ಇಟ್ಸ್ ಫೈನ್, ಅಪ್ಪಾ" ಅಂದಳು. ಎಷ್ಟು ಒಳ್ಳೆಯ ಮಗಳು ಎಂದುಕೊಂಡೆ.

ಮೂರನೇ ವಾರ ಹೆಂಡತಿ ಹೇಳಿದಳು: "ಮುಂದಿನ ಟರ್ಮಿಂದ ಹಾಸ್ಟೆಲಿಗೆ ಹೋಗ್ತಾಳಂತೆ ನಿಮ್ಮ ಮಗಳು. ಯಾಕೆ ಅಂದ್ರೆ ಬಾಯೇ ಬಿಡಲ್ಲ."

ನಾನು ಸ್ಕೂಲನ್ನು ಬೈದೆ, ಫೋನನ್ನು ಬೈದೆ, ಅವಳ ಗೆಳತಿಯರನ್ನೂ ಬಿಡಲಿಲ್ಲ.

ಮರುದಿನ ಆಫೀಸಿನಲ್ಲಿ ನನ್ನ ಸಹೋದ್ಯೋಗಿ ವಾಂಜಿರು ಪ್ರೋಗ್ರಾಂ ನೋಡಿ "ಪೋಲೆ ಸಾನಾ" ಎಂದು ಇಲ್ಲಿನ ಭಾಷೆಯಲ್ಲಿ 'ಅಯ್ಯೋ ಪಾಪ' ಹೇಳಿ, ಅನುಕಂಪ ತೋರಿಸಿಯೇ ನಕ್ಕಳು. "ಬಿದ್ದ ಕಡೆ ಯಾಕೆ ಹುಡುಕ್ತೀರಿ? ಯಾರನ್ನ ಎಬ್ಬಿಸಿ ಕೂತಿದೀರಿ, ಅದನ್ನ ನೋಡಿ." ಆ ಕಂಪ್ಯೂಟರಿನಲ್ಲಿ ಅದೇ ವಿಳಾಸದಲ್ಲಿ ಬೇರೊಂದು ಲೈಬ್ರರಿ, ಅಂದರೆ ನನ್ನ ಪ್ರೋಗ್ರಾಮಿಗೇ ಬೇಕಾದ ಸಿದ್ಧ ಕೋಡಿನ ಕಟ್ಟು, ವಾಸವಾಗಿತ್ತು. ಅದನ್ನು ನಾನೇ ಅಳಿಸಿದ್ದೆ. ಜಾಗ ಖಾಲಿಯಿಲ್ಲದಿದ್ದರೆ 'ಇಲ್ಲ' ಎಂದು ಮುಖಕ್ಕೆ ಹೇಳುವ ಹೊಸ ಆಯ್ಕೆಯೊಂದನ್ನು ಅವಳು ಹಾಕಿಕೊಟ್ಟಳು.

ಸಂಜೆ ಲಾರಿಗಳ ಮಧ್ಯೆ ಜಾಮಿನಲ್ಲಿ ಸಿಕ್ಕಿಕೊಂಡಿದ್ದಾಗ ಅನಘಾಳ ಮೇಜು ನೆನಪಾಯಿತು. ಮನೆಗೆ ಹೋದವನೇ ಮೇಜು ಖಾಲಿ ಮಾಡಿ, ಕುಂಚಗಳನ್ನು ಜೋಡಿಸಿಟ್ಟೆ. "ತಪ್ಪಾಯ್ತು ಪುಟ್ಟಿ, ನಿನ್ನ ಕೇಳ್ದೇನೆ ಕೂತುಬಿಟ್ಟೆ" ಅಂದೆ. ಅವಳು ಒಂದು ಕುಂಚ ಎತ್ತಿ ನೋಡಿ ಮತ್ತೆ ರಟ್ಟಿನ ಡಬ್ಬಕ್ಕೇ ಹಾಕಿದಳು. ನಾನು ನಿಜಕ್ಕೂ ಹೆದರಿದೆ.

ಶನಿವಾರ ನೋಡಿದರೆ ಮೇಜಿನ ತುಂಬ ಹಸಿ ಬಣ್ಣ. ಧೈರ್ಯ ಮಾಡಿ ಕೇಳಿದೆ: "ಅರ್ಧ ಗಂಟೆ ಇಲ್ಲಿ ಕೂತ್ಕೊಳ್ಳಲಾ?"

ಅವಳು ತಲೆ ಎತ್ತಲಿಲ್ಲ. "ನೋ, ಅಪ್ಪಾ. ಐ ಲಿವ್ ಹಿಯರ್."

ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ನಡೆದೆ. ಅಲ್ಲೂ ಹೆಂಡತಿಯನ್ನು ಕೇಳಿಯೇ ಸ್ಟೂಲ್ ಎಳೆದುಕೊಂಡೆ. ಇಷ್ಟು ಸಂತೋಷದಿಂದ ನಾನು ಯಾವ ಜಾಗವನ್ನೂ ಬಿಟ್ಟುಕೊಟ್ಟದ್ದಿಲ್ಲ.