ಲಿಯಾವೋ ಮೇಷ್ಟ್ರ ಹಸಿರು ಪೊಟ್ಟಣ

ಶಿಂಚು ಊರಿನ ಚಿಪ್ ಕಂಪನಿಗಳಲ್ಲಿ ಲಿಯಾವೋ ಮೇಷ್ಟ್ರಂಥವರು ಲ್ಯಾಬಿಗೊಬ್ಬರು ಇದ್ದೇ ಇರುತ್ತಾರೆ. ಸಣ್ಣ ಬ್ಯಾಟರಿಯಿಂದ ದೊಡ್ಡ ವೋಲ್ಟೇಜು ಎಬ್ಬಿಸುವ ಸರ್ಕ್ಯೂಟೇ ಅವರ ಮನೆದೇವರು; ಅದರ ಪುರಾಣವನ್ನು ಹೊಸದಾಗಿ ಸೇರಿದ ಪೇಯಿ-ಚೆನ್‌ಗೆ ಊಟದ ಹೊತ್ತಿನಲ್ಲೂ ಹೇಳದೆ ಬಿಡರು. "ನೋಡಮ್ಮಾ, ಸ್ವಿಚ್ಚು ಹಾಕಿದಾಗ ತಂತಿ ಸುರುಳೀಲಿ ಕರೆಂಟು ತುಂಬ್ತದೆ. ಆರಿಸಿದ ಕೂಡ್ಲೆ ಅದು ಬ್ಯಾಟರೀನೂ ಜೊತೆಗೆ ಸೇರಿಸ್ಕೊಂಡು ಮೇಲಕ್ಕೆ ನೆಗೀತದೆ. ಹೊರಗಡೆ ವೋಲ್ಟೇಜು ಕಮ್ಮಿಯಾದ್ರೆ ಕರೆಂಟಿನ ಮಿತಿ ಏರಿಸು, ಜಾಸ್ತಿಯಾದ್ರೆ ಇಳಿಸು. ಆದ್ರೆ ಪ್ರತಿ ಸಲಾನೂ ಸುರುಳಿಯೊಳಗೆ ಇಣುಕಿ ನೋಡಿ, ಮಿತಿ ಮುಟ್ಟಿದ ಕ್ಷಣವೇ ಸ್ವಿಚ್ಚು ಆರಿಸ್ಬೇಕು. ಸುಟ್ಟ ವಾಸನೆ ಬಂದ ಮೇಲೆ ಓಡೋದಲ್ಲ." ಇಷ್ಟು ಹೇಳುವಷ್ಟರಲ್ಲಿ ಮೂರನೆಯ ಬಟ್ಟಲು ನೂಡಲ್ಸ್ ಖಾಲಿ. "ನಿಮ್ಮ ಮಿತಿ ಎಲ್ಲಿ ಮೇಷ್ಟ್ರೇ?" ಎಂದು ಅವಳು ಕೇಳಿದರೆ, "ನನ್ನ ಹೊಟ್ಟೆ ಹಳೇ ಮಾದರೀದು, ತುಂಬಿದ ಮೇಲೇನೇ ಗೊತ್ತಾಗೋದು" ಎನ್ನುವರು. ದೇವಸ್ಥಾನದ ಕಡೆ ತಲೆ ಹಾಕದ ಮನುಷ್ಯ. ಆದರೆ ಯಂತ್ರಗಳು ತಂಟೆ ಮಾಡದಿರಲೆಂದು ಆ ಊರಲ್ಲಿ ಎಲ್ಲರೂ ಅವುಗಳ ನೆತ್ತಿಯ ಮೇಲಿಡುವ ಕುರುಕಲು ತಿಂಡಿಯ ಹಸಿರು ಪೊಟ್ಟಣವಿಲ್ಲದೆ ಒಂದು ಪರೀಕ್ಷೆಯನ್ನೂ ಶುರುಮಾಡರು. ಹಸಿರೆಂದರೆ ಯಂತ್ರ ಸರಿಯಾಗಿದೆ ಎನ್ನುವ ದೀಪದ ಬಣ್ಣ; ಹಳದಿ ಪೊಟ್ಟಣ ತಂದವನಿಗೆ ಬೈಗುಳ, ತಾರೀಖು ಮೀರಿದ್ದನ್ನು ಇಟ್ಟವನಿಗೆ ಇನ್ನೂ ಜಾಸ್ತಿ: "ಹಳಸಿದ್ದು ಕೊಟ್ರೆ ಯಾವ ಯಂತ್ರ ಮಾತು ಕೇಳ್ತದೋ?" ಕಳೆದ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ ಮೇಷ್ಟ್ರಿಗೆ, ಹೃದಯದ ಮಿಡಿತ ತಪ್ಪದಂತೆ ಕಾಯುವ ಪುಟ್ಟ ಯಂತ್ರವೊಂದನ್ನು ವೈದ್ಯರು ಎದೆಯೊಳಗಿಟ್ಟು ಹೊಲಿದರು. ನೋಡಲು ಹೋದ ಪೇಯಿ-ಚೆನ್ ಚೀಲದಿಂದ ಹಸಿರು ಪೊಟ್ಟಣ ತೆಗೆದು ಅವರ ಕೈಗಿಟ್ಟಳು. ಮೇಷ್ಟ್ರು ನಗಲಿಲ್ಲ. ಕನ್ನಡಕ ಏರಿಸಿ, ಪೊಟ್ಟಣ ತಿರುಗಿಸಿ, ಮೊದಲು ತಾರೀಖು ನೋಡಿದರು. ಆಮೇಲೆ ಅದನ್ನು ತಮ್ಮ ಎದೆಯ ಮೇಲೆ ಮೆಲ್ಲಗೆ ಕೂರಿಸಿಕೊಂಡರು.