ಹಸು ಒಪ್ಪಿದ ಮೇಲೆ ದ್ವೀಪ

ಪಾಲಹಳ್ಳಿಯ ನಮ್ಮ ಕೊಟ್ಟಿಗೆಯ ಮುಂದೆ ಕೂತು ನಾನೂ ಗೆಳೆಯನೂ ದೂರದ ಸಮುದ್ರದ ದ್ವೀಪವೊಂದಕ್ಕೆ ಹೊರಡುವ ಯೋಚನೆ ಮಾಡುತ್ತಿದ್ದೆವು. ದೋಣಿಯವನು ಮರಳ ದಂಡೆಯಲ್ಲಿ ಇಳಿಸಿ ಮಾರನೆಯ ದಿನ ಬರುತ್ತಾನೆ. ಅಲ್ಲಿಯವರೆಗೆ ಬಂಡೆಗಳ ಮೇಲೆ ನಿಂತು ಗಾಳ ಹಾಕಬಹುದು. ಗೆಳೆಯ ಕಾವೇರಿ ಮೀನಿಗೆ ಹಾಕುವ ರಾಗಿ ಹಿಟ್ಟಿನ ಉಂಡೆಯನ್ನೇ ಒಯ್ಯುವವನಿದ್ದ.

"ಸಮುದ್ರದ್ ಮೀನು ಮುದ್ದೆ ತಿಂತದೇನ್ಲಾ?" ಎಂದೆ.

"ರುಚಿ ತೋರ್ಸಾನ ಬುಡ್ಲಾ. ನಿನ್ ಅಸ ನಿನ್ನ ಬುಡ್ತದಾ, ಅದ ಯೋಳು."

ಅದೇ ತೊಡಕು. ನಮ್ಮ ಹಸು ಬೇರೆ ಯಾರು ಕೆಚ್ಚಲು ಮುಟ್ಟಿದರೂ ಒದೆಯುತ್ತಿತ್ತು. ನಾನು ಬರುವುದಿಲ್ಲ ಎಂದುಬಿಟ್ಟೆ.

ಮಾತು ಕೇಳಿಸಿಕೊಂಡ ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಬಂದರು. ಒಗೆಯಲು ಹಾಕಿದ್ದ ನನ್ನ ಬೆವರು ಹಿಡಿದ ಅಂಗಿಯನ್ನು ಸೀರೆಯ ಮೇಲೆ ತೊಟ್ಟಿದ್ದರು. ಅದು ನೀಲಿ ಅಂಗಿ ಎಂದು ನನ್ನ ನೆನಪು. ಅವರು ಚೌಕಳಿಯದು ಎನ್ನುತ್ತಾರೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಹಸು ಅಂಗಿಯ ತೋಳನ್ನು ಮೂಸಿ, ಅತ್ತಿಗೆ ಕೆಚ್ಚಲಿಗೆ ಕೈ ಹಾಕಿದರೂ ಒದೆಯದೆ ನಿಂತಿತು. ಪಾತ್ರೆಗೆ ಹಾಲು ಸೊರ್ರನೆ ಬಿದ್ದದ್ದಂತೂ ನಿಜ.

"ಇದ್ಕೆ ನಿನ್ ವಾಸ್ನೆ ಇದ್ರೆ ಸಾಕು, ನೀನ್ ಬೇಕಿಲ್ಲ. ಓಗ್ಬಾರಪ್ಪಾ," ಎಂದರು.

ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ಮೈಮೇಲಿದ್ದ ಅಂಗಿಯನ್ನೂ ಬಿಚ್ಚಿ, ಅವರ ಕೈಗೆ ಸಿಗುವಂತೆ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ.