ಮರಳುಹಕ್ಕಿ ಮೊಟ್ಟೆ ಇಟ್ಟಿತ್ತು

ಹೋದ ವರ್ಷ ಬೇಸಿಗೆಯ ಒಂದು ದಿನ ಬುವಾಲಾ ಮತ್ತು ಅವಳ ಗಂಡ ಥಾಂಗ್‌ಸೀ ಮಧ್ಯಾಹ್ನದವರೆಗೂ ಮೆಕಾಂಗ್ ನದಿಯಲ್ಲಿ ಸೊಂಟಮಟ್ಟ ನಿಂತು ಪಾಚಿ ಕಿತ್ತರು. ಬೇಸಿಗೆಯಲ್ಲಿ ನೀರಿಳಿದಾಗ ಕಲ್ಲುಗಳ ಮೇಲೆ ಬೆಳೆಯುವ ಪಾಚಿ, ಉದ್ದಕ್ಕೆ, ಕೂದಲಿನ ಹಾಗೆ. ತೊಳೆದು, ಎಳ್ಳುದುರಿಸಿ ಒಣಗಿಸಿಟ್ಟರೆ ಮಳೆಗಾಲವೆಲ್ಲ ಅನ್ನಕ್ಕಾಗುತ್ತದೆ. ಮೊದಲೆಲ್ಲ ಒಂದು ಬೆಳಗಿಗೆ ಎರಡು ಬುಟ್ಟಿ ತುಂಬುತ್ತಿತ್ತು. ಆ ದಿನ ಅರ್ಧ ಬುಟ್ಟಿ.

"ಕಲ್ಲೆಲ್ಲ ನಿನ್ನ ತಲೆ ಥರಾನೇ ಆಗೈತೆ," ಅಂದಳು ಬುವಾಲಾ. "ಹುಡುಕಿದ್ರೆ ನಾಲ್ಕು ಎಳೆ."

"ಈ ನಾಲ್ಕು ಎಳೆ ನೋಡ್ಕೊಂಡೇ ಅಲ್ವಾ ನೀನು ನನ್ನ ಹಿಂದೆ ಓಡಿ ಬಂದಿದ್ದು?"

"ಓಡಿ ಬಂದೋಳು ನಾನಾ? ನಿಮ್ಮವ್ವ ಮೂರು ಸಲ ಬಂದು ನಮ್ಮನೆ ಮೆಟ್ಟಿಲು ಸವೆಸಿದ್ಲು."

ಅವನು ನಕ್ಕ. ನಗುತ್ತ ಕಾಲು ಜಾರಿ ಕೂತ. ಅವಳೂ ನಕ್ಕಳು.

ಹೊಳೆಯ ನಡುವಿನ ಮರಳದಿಣ್ಣೆಯ ಮೇಲೆ ಅವರ ಕಡಲೆಕಾಯಿ ಇತ್ತು. ಅಲ್ಲೇ ಕೂತು ಅಂಟನ್ನ ಉಂಡೆ ಕಟ್ಟಿ, ಮೆಣಸಿನಕಾಯಿ ಚಟ್ನಿಗೆ ಅದ್ದಿ ತಿಂದರು. ಎದ್ದ ಮೇಲೆ ಅವನು ಅವಳ ಕೈ ಹಿಡಿದು ದಿಣ್ಣೆಯ ತುದಿಗೆ ಕರೆದುಕೊಂಡು ಹೋದ. ಮರಳಿನಲ್ಲಿ ಅಂಗೈಯಗಲದ ಗುಳಿ, ಅದರೊಳಗೆ ಮೂರು ಮೊಟ್ಟೆ. ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ತಾಯಿ ಹಕ್ಕಿ ದೂರ ನಿಂತು ಬೈಯುತ್ತಿತ್ತು.

"ಇಟ್ಟೈತೆ ನೋಡು," ಅಂದ. ಹೋಗಿ ದೋಣಿಯ ಹಗ್ಗ ಗಿಡ್ಡ ಮಾಡಿ ಗೂಟಕ್ಕೆ ಬಿಗಿದ.

ಹೊಳೆಯ ಎರಡೂ ದಡದವರಿಗೆ ಇದು ಗೊತ್ತು. ಮರಳುಹಕ್ಕಿ ಮೊಟ್ಟೆ ಇಟ್ಟಿತೆಂದರೆ ಮರಿ ಹಾರುವವರೆಗೆ ನೀರು ಏರುವುದಿಲ್ಲ. ಅಜ್ಜಂದಿರು ಅದನ್ನು ನೋಡಿಯೇ ದಿಣ್ಣೆಯಲ್ಲಿ ಬಿತ್ತಿದರು, ಅದನ್ನು ನೋಡಿಯೇ ದೋಣಿ ಕಟ್ಟಿದರು. ಉದ್ದ ಹಗ್ಗ ಮಳೆಗಾಲಕ್ಕೆ, ಗಿಡ್ಡ ಹಗ್ಗ ಬೇಸಿಗೆಗೆ.

ಏಳೆಂಟು ವರ್ಷದಿಂದ ಹೊಳೆ ಯಾರ ಮಾತೂ ಕೇಳುತ್ತಿರಲಿಲ್ಲ. ಹೊಳೆಯ ಮೇಲ್ಗಡೆ, ಬೇರೆ ದೇಶದಲ್ಲಿ, ಅಣೆಕಟ್ಟು ಕಟ್ಟಿದ್ದರು. ಅವರು ಬಾಗಿಲು ಮುಚ್ಚಿದರೆ ಇಲ್ಲಿ ಮೀನು ಬಂಡೆಯ ಗುಂಡಿಯಲ್ಲಿ ಬೇಯುತ್ತಿತ್ತು, ತೆರೆದರೆ ಸುಡುಬಿಸಿಲಲ್ಲಿ ಹೊಳೆ ತುಂಬುತ್ತಿತ್ತು. ಮಳೆಯೂ ಹಾಗೇ. ಎರಡು ತಿಂಗಳು ತಡವಾಗಿ ಬಂದು, ಎರಡು ತಿಂಗಳಿನದನ್ನು ಒಂದು ವಾರದಲ್ಲಿ ಸುರಿದು ಹೋಗುತ್ತಿತ್ತು. ಸರ್ಕಾರದ ಕಾಗದ ಬಂದಾಗ ಊರಿನ ಮುಖಂಡ ಸಾವತ್ ಮೈಕಿನಲ್ಲಿ ಓದುತ್ತಿದ್ದ. ಆ ಬೇಸಿಗೆಯಲ್ಲಿ ಮೂರು ಸಲ ನೀರು ಏರುತ್ತದೆ ಎಂದು ಓದಿದ. ಮೂರು ಸಲವೂ ಜನ ದೋಣಿ ಎಳೆದು ಮೇಲಿಟ್ಟರು, ಕೆಲವರು ಎಳೆಯ ಕಡಲೆಕಾಯಿಯನ್ನೇ ಕಿತ್ತರು. ಮೂರು ಸಲವೂ ನೀರು ಬರಲಿಲ್ಲ. ಇನ್ನೊಂದು ಸಲ ದಿಣ್ಣೆಯ ಅಂಚಿನವರೆಗೆ ಬಂತು. ಆ ಸಲ ಕಾಗದ ಬಂದಿರಲಿಲ್ಲ.

ಮಾರನೆಯ ಬೆಳಗ್ಗೆ ಮೈಕು ಕೂಗಿತು. ನೀರು ಒಂದೂವರೆ ಮೀಟರ್ ಏರಬಹುದು, ದಿಣ್ಣೆಗೆ ಯಾರೂ ಹೋಗಬೇಡಿ.

ಥಾಂಗ್‌ಸೀ ಬುಟ್ಟಿ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. "ಇವತ್ತು ಬ್ಯಾಡ ಕಣೆ ವಿಲಾಯ್ ಅವ್ವ," ಅಂದ. ವಿಲಾಯ್ ಅವರ ಒಬ್ಬಳೇ ಮಗಳು, ಹೊಳೆಯೇ ಗಡಿ, ಅವಳನ್ನು ಆಚೆ ದಡದ ಲಾವೋಸಿಗೆ ಕೊಟ್ಟಿದ್ದರು.

ಬುವಾಲಾ ಒಲೆ ಊದುತ್ತಿದ್ದಳು. ಕಡಲೆಕಾಯಿ ಬಲಿತಿತ್ತು. ಇನ್ನೆರಡು ದಿನ ಬಿಟ್ಟರೆ ಇಲಿಯ ಪಾಲು.

"ಸಾವತ್‌ಗೆ ಹೊಸ ಮೈಕು ಬಂದೈತೆ, ಬಾಯಿ ತುರಿಸ್ತದೆ," ಅಂದಳು. "ನಿನ್ನೆ ಮೊಟ್ಟೆ ತೋರಿಸಿದ್ದು ಯಾರು? ಹಕ್ಕಿ ಎದ್ದು ಹೋಯ್ತಾ?"

"ಇಲ್ಲ, ಕೂತೈತೆ."

"ಮತ್ತೆ? ಹಕ್ಕಿಗಿಂತ ಮೈಕು ದೊಡ್ಡದಾ?"

ಅವನು ತಲೆ ಕೆರೆದುಕೊಂಡ. ಬುಟ್ಟಿ ಎತ್ತಿದ. "ಹಕ್ಕಿ ಹೇಳೋದೂ ಹೆಂಡ್ತಿ ಹೇಳೋದೂ ಒಂದೇ ಆಯ್ತಲ್ಲ ಇವತ್ತು. ಇನ್ನು ನಂದೇನೈತೆ," ಅಂದು ಇಳಿದು, ದೋಣಿಯಲ್ಲಿ ದಿಣ್ಣೆಗೆ ಹೋದ.

ಬಿಸಿಲು ಏರಿದ ಮೇಲೆ ಹಕ್ಕಿಗಳ ಕೂಗು ಕೇಳಿತು. ಅವಳು ಹೊರಗೆ ಬಂದಳು. ದಿಣ್ಣೆಯ ತುದಿ ಇರಲಿಲ್ಲ. ಅಲ್ಲಿ ನೀರಿನ ಮೇಲೆ ಹಕ್ಕಿಗಳು ಸುತ್ತು ಹಾಕುತ್ತಿದ್ದವು. ನೀರು ತಿಳಿಯಾಗಿತ್ತು, ಸದ್ದಿಲ್ಲದೆ ಬರುತ್ತಿತ್ತು. ಥಾಂಗ್‌ಸೀ ಬುಟ್ಟಿ ಬಿಸಾಕಿ ದೋಣಿಯ ಕಡೆ ಓಡುವುದು ಕಂಡಿತು. ದಿಣ್ಣೆಯ ಮೇಲಿನ ಗೂಟ ಮುಳುಗಿತ್ತು. ಗಿಡ್ಡ ಹಗ್ಗ ದೋಣಿಯ ಮೂತಿಯನ್ನು ಕೆಳಗೆ ಎಳೆದು ಹಿಡಿದಿತ್ತು, ದೋಣಿ ನೀರು ಕುಡಿಯುತ್ತಿತ್ತು. ಅವನು ಎದೆಮಟ್ಟ ನೀರಲ್ಲಿ ಬಗ್ಗಿ ಗಂಟು ಹುಡುಕಿದ. ಎದ್ದ. ಮತ್ತೆ ಬಗ್ಗಿದ.

"ಬಿಡು! ದೋಣಿ ಬಿಡು! ಈಜು!" ಎಂದು ಅವಳು ದಡದಿಂದ ಅರಚಿದಳು. ಅವರಿಗಿದ್ದದ್ದು ಅದೊಂದೇ ದೋಣಿ.

ಅವನು ಮೂರನೇ ಸಲ ಬಗ್ಗಿದ. ಏಳಲಿಲ್ಲ.

ಮೂರನೇ ದಿನ ವಿಲಾಯ್‌ಳ ಊರಿನ ಕೆಳಗೆ, ಆಚೆ ದಡದಲ್ಲಿ ಸಿಕ್ಕ. ಹೆಣ ಈಚೆ ದಾಟಿಸಲು ಎರಡು ಸರ್ಕಾರದ ಕಾಗದ ಬೇಕು ಎಂದರು.

"ಬರುವಾಗ ನಮ್ಮಪ್ಪ ಯಾವ ಕಾಗದ ತಂದಿದ್ದ?" ಎಂದು ವಿಲಾಯ್ ಅಧಿಕಾರಿಯ ಮುಖಕ್ಕೇ ಕೇಳಿದಳು. ಅವನು ಮೇಲಧಿಕಾರಿಗಳಿಗೆ ಎರಡು ಸಲ ಫೋನು ಮಾಡಿದ. ಒಳ್ಳೆಯ ಹುಡುಗನೇ. ಆದರೂ ಕಾಗದ ಬರಲಿಲ್ಲ. ಬುವಾಲಾಳಿಗೆ ಒಂದು ದಿನದ ಚೀಟಿ ಸಿಕ್ಕಿತು, ಗಂಡನ ಹೆಣಕ್ಕೆ ಸಿಗಲಿಲ್ಲ. ಅಲ್ಲೇ ಸುಟ್ಟರು. ಸಂಜೆಯೊಳಗೆ ಅವಳು ಈಚೆ ಬರಬೇಕಿತ್ತು, ಬಂದಳು.

ಅಷ್ಟರಲ್ಲಿ ನೀರು ಇಳಿದಿತ್ತು. ದೋಣಿ ದಿಣ್ಣೆಯ ಮೇಲೇ ಇತ್ತು, ಮರಳು ತುಂಬಿಕೊಂಡು. ಗಂಟು ಹಾಗೇ ಇತ್ತು.

ಸಾವತ್ ಬಂದು ಮೆಟ್ಟಿಲ ಕೆಳಗೆ ನಿಂತ. "ಅಕ್ಕಾ, ನಾನು ಹೇಳಿದ್ದೆ..."

"ನಾಲ್ಕು ಸಲ ಹೇಳ್ದೆ ಕಣಪ್ಪ," ಅಂದಳು. "ಯಾವುದನ್ನ ನಂಬಬೇಕು ಅಂತ ಹೇಳ್ಲಿಲ್ಲ."

ಆಮೇಲೆ ಪಟ್ಟಣದಿಂದ ಒಬ್ಬ ಹೆಂಗಸು ಬಂದಳು. ಹೊಳೆ ಹಂಚಿಕೊಂಡ ದೇಶಗಳವರೆಲ್ಲ ಒಂದು ಕಡೆ ಕೂತು ಮಾತಾಡುತ್ತಾರಂತೆ, ಅಲ್ಲಿ ಓದಲು ಬರೆದುಕೊಂಡಳು. ಮೀನು ಎಷ್ಟು ಕಡಿಮೆಯಾಗಿದೆ, ಪಾಚಿ ಎಷ್ಟು, ಮಳೆ ಯಾವಾಗ. ಬುವಾಲಾ ಎಲ್ಲ ಹೇಳಿದಳು. ಗಂಡ ಹೇಗೆ ಹೋದ ಎಂದೂ ಹೇಳಿದಳು. ಅವನು ಬ್ಯಾಡ ಎಂದು ಕೂತಿದ್ದನ್ನು ಹೇಳಲಿಲ್ಲ. ತಾನು ಅಂದದ್ದನ್ನು ಹೇಳಲಿಲ್ಲ. ಮಗಳಿಗೂ ಹೇಳಿಲ್ಲ. ಊರವರು ಅಣೆಕಟ್ಟನ್ನು ಬೈಯುವಾಗ ಅವಳೂ ಜೊತೆಗೆ ಬೈಯುತ್ತಾಳೆ. ಮನೆಗೆ ಬಂದರೆ ಒಲೆಯ ಮುಂದೆ ಅದೇ ಮಾತು ಕೂತಿರುತ್ತದೆ.

ಈ ವರ್ಷವೂ ಹಕ್ಕಿ ಬಂದು ಅದೇ ದಿಣ್ಣೆಯಲ್ಲಿ ಮೊಟ್ಟೆ ಇಟ್ಟಿತು, ಅದೇ ತುದಿಯಲ್ಲಿ. ನೀರು ಬಂತು, ತೊಳೆದುಕೊಂಡು ಹೋಯಿತು. ಮತ್ತೆ ಇಟ್ಟಿತು. ಅದಕ್ಕಾದರೂ ಬೇರೆ ಏನು ಗೊತ್ತು. ಕಡಲೆಕಾಯಿ ಯಾರೂ ಹಾಕಲಿಲ್ಲ.

ದೋಣಿಯನ್ನು ಊರವರು ಎಳೆದು ತಂದು ಮನೆಯ ಕೆಳಗಿನ ದಡದಲ್ಲಿ ಕಟ್ಟಿಕೊಟ್ಟಿದ್ದಾರೆ. ಅದರಲ್ಲಿ ಯಾರೂ ಕೂರುವುದಿಲ್ಲ. ಬೆಳಗ್ಗೆ ಎದ್ದು, ಒಲೆ ಹಚ್ಚುವ ಮೊದಲು, ಬುವಾಲಾ ದಡದ ಮೆಟ್ಟಿಲಿಳಿಯುತ್ತಾಳೆ. ರಾತ್ರಿ ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ನೋಡುತ್ತಾಳೆ. ತೆಂಗಿನ ಚಿಪ್ಪಿನಿಂದ ದೋಣಿಯೊಳಗಿನ ನೀರು ಎತ್ತಿ ಹಾಕುತ್ತಾಳೆ. ಗಂಟು ಬಿಚ್ಚಿ, ಹಗ್ಗ ಬೇಕಾದ್ದಕ್ಕಿಂತ ಒಂದು ಮಾರು ಉದ್ದ ಬಿಟ್ಟು, ಕಟ್ಟುತ್ತಾಳೆ.